ಮರ ಕೆಡಿಸಿದವರ ಹೊಣೆ, ಮರದ ಒಡೆಯರ ಹಕ್ಕು

ಮನೆ ಕಟ್ಟಿಸುವಾಗಲೋ ಕಂಪೌಂಡು ಗೋಡೆ ಎಬ್ಬಿಸುವಾಗಲೋ ಅಂಗಳದ ಮರವೊಂದು ಹಾಳಾಗುವುದು ನಮ್ಮ ಕಡೆ ಅಪರೂಪದ ಸಂಗತಿಯೇನಲ್ಲ. ತೆಂಗಿನ ಬುಡಕ್ಕೆ ಜಲ್ಲಿ ಸುರಿಯುತ್ತಾರೆ, ಮಾವಿನ ಕಾಂಡಕ್ಕೆ ಲಾರಿಯ ಹಿಂಬದಿ ತಾಗುತ್ತದೆ, ಹಲಸಿನ ಬೇರನ್ನು ಯಂತ್ರ ಕಿತ್ತೊಗೆಯುತ್ತದೆ. ಮನೆಯವರು ಎರಡು ದಿನ ಗೊಣಗುತ್ತಾರೆ. ಗುತ್ತಿಗೆದಾರರು “ಬೇಕೆಂದು ಮಾಡಿದ್ದಲ್ಲವಲ್ಲ” ಎನ್ನುತ್ತಾರೆ. ವಿಷಯ ಅಲ್ಲಿಗೆ ಮುಗಿಯಿತೆಂದು ಎರಡೂ ಕಡೆಯವರು ತಿಳಿದುಕೊಳ್ಳುತ್ತಾರೆ. ಆದರೆ ನಮಾಝ್, ಉಪವಾಸಗಳಂತೆಯೇ ಪರರ ಸೊತ್ತಿನ ಲೆಕ್ಕವೂ ಧರ್ಮದ ಒಂದು ಭಾಗವೆಂದು ನಂಬುವವರಿಗೆ ಅದು ಅಷ್ಟು ಸುಲಭವಾಗಿ ಮುಗಿಯುವ ವಿಷಯವಲ್ಲ. ನಮ್ಮ ಮನೆಯಲ್ಲೇ ಇಂತಹದೊಂದು ಪ್ರಕರಣ ನಡೆದು, ಅದರಲ್ಲಿ ನಾನೇ ತಪ್ಪು ಹೆಜ್ಜೆಯಿಟ್ಟ ಕಾರಣ ಈ ಕುರಿತು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ತಂದೆಯವರು ತೀರಿಕೊಂಡ ಮೇಲೆ ಹಿತ್ತಿಲನ್ನು ನಾವು ಪಾಲು ಮಾಡಿಕೊಂಡಿರಲಿಲ್ಲ. ಉಮ್ಮ, ನಾನು ಮತ್ತು ನನ್ನ ಇಬ್ಬರು ತಂಗಿಯರು ಅದರ ಹಕ್ಕುದಾರರು. 2017ರ ಬೇಸಿಗೆಯಲ್ಲಿ ಪಶ್ಚಿಮದ ಗಡಿಗೆ ಕೆಂಪುಕಲ್ಲಿನ ಕಂಪೌಂಡು ಕಟ್ಟಿಸಲು ಹೊರಟೆವು. ಗಡಿಯ ಹತ್ತಿರವೇ ತಂದೆಯವರು ನೆಟ್ಟಿದ್ದ ಹಲಸಿನ ಮರವಿತ್ತು. ಎಳೆಯದಿರುವಾಗ ಗುಜ್ಜೆ, ಬಲಿತಾಗ ಹಪ್ಪಳ, ಹಣ್ಣಾದಾಗ ನೆರೆಮನೆಗಳಿಗೆಲ್ಲ ಪಾಲು, ಹೀಗೆ ಊರಿಗೇ ಪರಿಚಿತವಾದ ಮರ. ಮರದಿಂದ ಆರು ಅಡಿ ಬಿಟ್ಟು ಗೋಡೆಯನ್ನು ಸ್ವಲ್ಪ ತಿರುಗಿಸಬೇಕೆಂದು ಗುತ್ತಿಗೆದಾರರಿಗೆ ಹೇಳಿದ್ದೆವು, ಅವರು ಒಪ್ಪಿದ್ದರು. ಬರವಣಿಗೆಯಲ್ಲಿ ಮಾತ್ರ ಏನೂ ಇರಲಿಲ್ಲ. ನಾವು ಮನೆಯಲ್ಲಿಲ್ಲದ ಒಂದು ಬೆಳಿಗ್ಗೆ ಅವರು ಸುಣ್ಣದ ಗೆರೆಯನ್ನು ನೇರವಾಗಿ ಎಳೆಸಿದರು. ಗೋಡೆ ನೇರವಾದರೆ ಕಲ್ಲು ಕಡಿಮೆ ಸಾಕು, ಕೆಲಸವೂ ಬೇಗ ಮುಗಿಯುತ್ತದೆ. ಜೆಸಿಬಿ ಬಂದು ಬುಡದಿಂದ ಎರಡೇ ಅಡಿ ದೂರದಲ್ಲಿ ಪಾಯ ತೋಡಿತು. ತೊಡೆಗಾತ್ರದ ಮೂರು ಬೇರುಗಳು ತುಂಡಾದವು. ಯಂತ್ರದ ತೋಳು ತಾಗಿ ಒಂದು ಬದಿಯ ತೊಗಟೆಯೂ ಸುಲಿದುಹೋಯಿತು.

ಮರ ಆ ವರ್ಷ ಏನೂ ಆಗದಂತೆ ನಿಂತಿತ್ತು. ಮರದ ಸ್ವಭಾವವೇ ಹಾಗೆ. ನೀರು, ಆಹಾರ ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ನೆಲದ ಮೇಲಿನ ಎರಡಡಿಯೊಳಗೇ ಇರುತ್ತವೆ ಮತ್ತು ಕೊಂಬೆಗಳ ನೆರಳಿಗಿಂತಲೂ ಆಚೆಗೆ ಹರಡಿರುತ್ತವೆ. ಅವನ್ನು ಕಡಿದರೆ ಮರ ತನ್ನಲ್ಲಿ ಕೂಡಿಟ್ಟ ಸತ್ವದಿಂದ ಒಂದೆರಡು ವರ್ಷ ಹಸಿರಾಗಿಯೇ ಕಾಣಬಹುದು. ಮರುವರ್ಷ ತುದಿಯ ಎಲೆಗಳು ಸಣ್ಣದಾದವು. 2019ರ ಮಳೆಗಾಲಕ್ಕೆ ಮುಂಚೆ ಅರ್ಧ ಮರ ಒಣಗಿ, ಉಳಿದರ್ಧ ಮನೆಯ ಕಡೆಗೆ ವಾಲಿತು. ಕಡಿಯದೆ ಬೇರೆ ದಾರಿಯಿರಲಿಲ್ಲ.

ಗುತ್ತಿಗೆದಾರರು ನಮ್ಮ ಮಸೀದಿಯವರೇ, ಒಂದೇ ಸಫ್ಫಿನಲ್ಲಿ ನಿಲ್ಲುವವರು. ಒಂದು ದಿನ ಇಶಾ ನಮಾಝಿನ ಬಳಿಕ ನಾಲ್ಕಾರು ಮಂದಿಯೆದುರು ಅವರೇ ವಿಷಯವೆತ್ತಿದರು. ನಾನು ಅವರ ಕೈಹಿಡಿದು, “ಬಿಡಿ, ನಾವು ಮನ್ನಿಸಿದ್ದೇವೆ, ಅಲ್ಲಾಹನು ಬೇರೆ ಕೊಡುತ್ತಾನೆ” ಎಂದೆ. ಕೇಳಿದವರು ಮೆಚ್ಚಿದರು. ನನಗೂ ಒಳಗೊಳಗೆ ಹೆಮ್ಮೆಯೆನಿಸಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಮನೆಗೆ ಬಂದು ಹೇಳಿದಾಗ ಕಿರಿಯ ತಂಗಿ ಒಂದೇ ಮಾತು ಕೇಳಿದಳು: “ನಿನ್ನ ಪಾಲನ್ನು ನೀನು ಮನ್ನಿಸು. ನನ್ನ ಪಾಲನ್ನು ಮನ್ನಿಸಲು ನಿನಗೆ ಯಾರು ಹೇಳಿದರು?”

ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನವೇ ನಮ್ಮ ಉಸ್ತಾದರ ಬಳಿಗೆ ಹೋದೆ. ಮುಂದಿನ ವಿಷಯಗಳಲ್ಲಿ ಹೆಚ್ಚಿನವು ಅವರ ಬಳಿ ಕೂತು ತಿಳಿದುಕೊಂಡವು.

ಬೇಕೆಂದು ಮಾಡಿದ್ದಲ್ಲ ಎಂಬ ಮಾತು

ಪರರ ಸೊತ್ತನ್ನು ನಾಶ ಮಾಡುವುದಕ್ಕೆ ಫಿಕ್ಹ್ ಗ್ರಂಥಗಳಲ್ಲಿ ‘ಇತ್ಲಾಫ್’ ಎಂದೂ, ಅದನ್ನು ತುಂಬಿಕೊಡುವ ಹೊಣೆಗೆ ‘ಳಮಾನ್’ ಎಂದೂ ಹೆಸರು. ಇಲ್ಲಿ ನಾವು ಎರಡು ವಿಷಯಗಳನ್ನು ಬೆರೆಸಿಬಿಡುತ್ತೇವೆ. ಪಾಪ ಬೇರೆ, ಹೊಣೆ ಬೇರೆ. ಅರಿಯದೆ ಆದ ತಪ್ಪಿಗೆ ಅಲ್ಲಾಹನ ಬಳಿ ಪಾಪವಿಲ್ಲ. ಆದರೆ ಅರಿಯದೆ ಮಾಡಿದ್ದರಿಂದ ಇನ್ನೊಬ್ಬನ ನಷ್ಟ ಇಲ್ಲದಂತಾಗುವುದಿಲ್ಲ. ಅನ್ನಿಸಾ ಅಧ್ಯಾಯದ 92ನೇ ಸೂಕ್ತವನ್ನು ನೋಡಿರಿ. ಕೈತಪ್ಪಿನಿಂದ ಒಂದು ಪ್ರಾಣ ಹೋದರೂ ಮೃತನ ಮನೆಯವರಿಗೆ ಪರಿಹಾರಧನ ಸಲ್ಲಿಸಬೇಕೆಂದು ಅಲ್ಲಿ ಆದೇಶವಿದೆ. ಪ್ರಾಣದ ವಿಷಯದಲ್ಲಿಯೇ ‘ಬೇಕೆಂದು ಮಾಡಿದ್ದಲ್ಲ’ ಎಂಬ ಮಾತು ಪರಿಹಾರವನ್ನು ತಪ್ಪಿಸುವುದಿಲ್ಲವೆಂದಾದರೆ ಸೊತ್ತಿನ ವಿಷಯದಲ್ಲಿ ಅದು ಹೇಗೆ ನೆಪವಾದೀತು?

ಹಝ್ರತ್ ಆಯಿಶಾ(ರ)ರವರ ಮನೆಯಲ್ಲಿ ನಡೆದ ಘಟನೆ ನಮಗೆ ಗೊತ್ತೇ ಇದೆ. ಪ್ರವಾದಿವರ್ಯರ(ಸ) ಇನ್ನೊಬ್ಬ ಪತ್ನಿ ಆಹಾರ ಕಳುಹಿಸಿದ್ದ ಬಟ್ಟಲು ರೋಷದ ಒಂದು ಕ್ಷಣದಲ್ಲಿ ಒಡೆದುಹೋಯಿತು. ಪ್ರವಾದಿವರ್ಯರು(ಸ) ಗದರಿಸಲಿಲ್ಲ. ಚೆಲ್ಲಿದ ಆಹಾರವನ್ನು ತಾವೇ ಒಟ್ಟುಗೂಡಿಸಿದರು. ಆದರೆ ಒಡೆದ ಬಟ್ಟಲನ್ನು ಹಾಗೆಯೇ ಹಿಂದಿರುಗಿಸಲೂ ಇಲ್ಲ. ಒಡೆದವರ ಮನೆಯಿಂದ ಸರಿಯಾದ ಬಟ್ಟಲನ್ನು ತೆಗೆದು ಕಳುಹಿಸಿಕೊಟ್ಟರು. ಪ್ರೀತಿ, ಸೌಮ್ಯತೆ ಒಂದು ಕಡೆ, ಹಕ್ಕು ಇನ್ನೊಂದು ಕಡೆ. ಒಂದರ ಸಲುವಾಗಿ ಇನ್ನೊಂದನ್ನು ಬಿಡಲಿಲ್ಲ.

ಹಾಗಾದರೆ ಹೊಣೆ ಯಾರದು? ಯಂತ್ರ ಓಡಿಸಿದವನದೋ, ಓಡಿಸಲು ಹೇಳಿದವರದೋ? ತೊಂದರೆ ಹೆಚ್ಚಾಗುವುದು ಇಲ್ಲಿಯೇ. ನೇರವಾಗಿ ಹಾಳು ಮಾಡಿದವನು ಉದ್ದೇಶವಿಲ್ಲದಿದ್ದರೂ ಹೊಣೆಗಾರ, ಪರೋಕ್ಷವಾಗಿ ಕಾರಣನಾದವನು ಮೇರೆ ಮೀರಿದ್ದರೆ ಮಾತ್ರ ಹೊಣೆಗಾರ ಎಂಬ ನಿಯಮ 1869ರಿಂದ 1876ರವರೆಗೆ ಉಸ್ಮಾನಿಯಾ ಸಾಮ್ರಾಜ್ಯದಲ್ಲಿ ಹನಫಿ ಫಿಕ್ಹಿನ ಆಧಾರದಲ್ಲಿ ರಚಿತವಾದ ‘ಮಜಲ್ಲ’ದಲ್ಲಿಯೂ ಇದೆ. ಇದನ್ನು ಅರ್ಧ ಕೇಳಿದವರು “ಹಾಗಾದರೆ ಡ್ರೈವರನೇ ಕೊಡಲಿ” ಎಂದುಬಿಡುತ್ತಾರೆ. ಆದರೆ ಗುತ್ತಿಗೆ ವಹಿಸಿಕೊಂಡವರು ಹಲವರಿಗೆ ಕೆಲಸ ಮಾಡಿಕೊಡುವ ಕುಶಲಕರ್ಮಿಯ ಸ್ಥಾನದಲ್ಲಿದ್ದಾರೆ. ಅವರ ಆದೇಶದಂತೆ ದುಡಿಯುವ ಆಳಿನ ಕೈತಪ್ಪನ್ನು ಗುರುವಿನ ಹೊಣೆಗೇ ಸೇರಿಸಬೇಕೆಂದು ಹನಫಿ ವಿದ್ವಾಂಸರು ಬರೆದಿದ್ದಾರೆ, ಆಳು ತಾನಾಗಿ ಮೇರೆ ಮೀರಿದ್ದರೆ ಮಾತು ಬೇರೆ. ಕರಾವಳಿಯ ನಾವು ಶಾಫಿಈ ಮದ್‌ಹಬಿನವರು. ಕೆಲಸಕ್ಕೆ ಒಪ್ಪಿಸಿದ ವಸ್ತುವಿನ ಬಗ್ಗೆ ಕುಶಲಕರ್ಮಿಯ ಹೊಣೆ ಎಷ್ಟೆಂಬುದರಲ್ಲಿ ಮದ್‌ಹಬುಗಳ ನಡುವೆ ವ್ಯತ್ಯಾಸವಿದೆ. ಆದರೆ ಒಪ್ಪಿದ ಮೇರೆಯನ್ನು ಮೀರಿ ಹಾಳು ಮಾಡಿದರೆ ಹೊಣೆ ಬೀಳುತ್ತದೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ನಮ್ಮ ಪ್ರಕರಣದಲ್ಲಿ ಆರು ಅಡಿಯ ಮಾತನ್ನು ಮೀರಿ ಸುಣ್ಣದ ಗೆರೆ ಎಳೆಸಿದವರು ಗುತ್ತಿಗೆದಾರರು. ಡ್ರೈವರ್ ಗೆರೆಯ ಮೇಲೆ ಅಗೆದ, ಅಷ್ಟೇ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಪರಿಹಾರದ ಮಾತು ಬಂದ ಕೂಡಲೇ ಅನೇಕ ಕಡೆ ಆ ಹಣ ಯಾರ ಸಂಬಳದಿಂದ ಮುರಿಯಲ್ಪಡುತ್ತದೆಂದು ಮರದ ಒಡೆಯರು ವಿಚಾರಿಸುವುದೇ ಇಲ್ಲ. ದಿನಗೂಲಿಯ ಹುಡುಗನ ಒಂದು ತಿಂಗಳ ಅನ್ನ ನಮ್ಮ ಹಲಸಿನ ಬೆಲೆಯಾಗಿ ಬಂದರೆ ಅದು ನಮಗೆ ಒಳಿತಾಗದು. ಕೂಲಿಯಾಳನ್ನು ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಲ್ಲಿ ಸ್ವತಃ ಅಲ್ಲಾಹನೇ ವಾದಿಯಾಗುತ್ತಾನೆಂದು ಬುಖಾರಿಯ ಹದೀಸಿನಲ್ಲಿದೆ. ನಮ್ಮ ಗುತ್ತಿಗೆದಾರರು ಡ್ರೈವರನ ಎರಡು ದಿನದ ಬಾಡಿಗೆಯನ್ನು ಆಗಲೇ ತಡೆಹಿಡಿದಿದ್ದರೆಂದು ನನಗೆ ಬಹಳ ತಡವಾಗಿ ತಿಳಿಯಿತು.

ಪುಣ್ಯ ಸಿಗುತ್ತದೆ, ಕೇಳುವುದೇಕೆ?

ಹೀಗೆ ಕೇಳುವವರಿದ್ದಾರೆ. ಸತ್ಯವಿಶ್ವಾಸಿಯೊಬ್ಬ ಗಿಡ ನೆಟ್ಟರೆ ಅದರಿಂದ ಮನುಷ್ಯ ತಿಂದದ್ದು, ಹಕ್ಕಿ ತಿಂದದ್ದು, ಕಳ್ಳ ಒಯ್ದದ್ದು, ಯಾರಾದರೂ ಅದನ್ನು ಕಡಿಮೆ ಮಾಡಿದ್ದು ಕೂಡ ಅವನಿಗೆ ದಾನವಾಗುತ್ತದೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಮುಸ್ಲಿಮ್ ಗ್ರಂಥದ ಈ ಹದೀಸನ್ನು ನನಗೂ ಒಬ್ಬರು ನೆನಪಿಸಿದರು. ಉಮ್ಮನಿಗೆ ಅದರಿಂದ ನಿಜವಾಗಿಯೂ ಸಮಾಧಾನವಾಯಿತು, ತಂದೆಯವರ ಹೆಸರಿನಲ್ಲಿ ಅದು ಬರೆಯಲ್ಪಟ್ಟಿರಬಹುದೆಂಬ ಆಸೆ. ಆದರೆ ಅದು ನೆಟ್ಟವರಿಗಿರುವ ಸುವಾರ್ತೆಯೇ ಹೊರತು ಕೆಡಿಸಿದವರಿಗೆ ಕೊಟ್ಟ ರಿಯಾಯಿತಿಯಲ್ಲ. ಕಳ್ಳ ಒಯ್ದ ಹಣ್ಣು ನೆಟ್ಟವನಿಗೆ ದಾನವಾದರೂ ಕಳ್ಳ ಕಳ್ಳನೇ.

ಇನ್ನು ಕೇಳುವುದರಲ್ಲಿ ಅವಮಾನವೇನೂ ಇಲ್ಲ. ಪ್ರವಾದಿವರ್ಯರಿಗೇ(ಸ) ಒಂಟೆಯೊಂದನ್ನು ಸಾಲ ಕೊಟ್ಟಿದ್ದ ವ್ಯಕ್ತಿಯೊಬ್ಬ ಒರಟಾಗಿ ಕೇಳಿದಾಗ ಅನುಚರರು ಸಿಟ್ಟಾದರು. ಅವನನ್ನು ಬಿಟ್ಟುಬಿಡಿ, ಹಕ್ಕುಳ್ಳವನಿಗೆ ಮಾತಾಡುವ ಅಧಿಕಾರವಿದೆ ಎಂದು ಪ್ರವಾದಿವರ್ಯರು(ಸ) ಅವರನ್ನು ತಡೆದು, ಅವನ ಒಂಟೆಗಿಂತ ಉತ್ತಮವಾದುದನ್ನೇ ಕೊಡಿಸಿದರು. ಕ್ಷಮೆ ಶ್ರೇಷ್ಠ, ಸಂಶಯವಿಲ್ಲ. ಆದರೆ ತನ್ನದನ್ನು ಬಿಟ್ಟುಕೊಟ್ಟರೆ ಮಾತ್ರ ಅದು ಕ್ಷಮೆ. ಜಂಟಿ ಸೊತ್ತಿನಲ್ಲಿ, ಅನಾಥ ಮಕ್ಕಳ ಸೊತ್ತಿನಲ್ಲಿ, ವಕ್ಫ್ ಜಾಗದ ಮರದಲ್ಲಿ ಒಬ್ಬರು ನಿಂತು ‘ಮನ್ನಿಸಿದೆವು’ ಎಂದರೆ ಅದು ಪರರ ಹಣದಿಂದ ಮಾಡಿದ ಔದಾರ್ಯ. ಮಸೀದಿಯ ತೆಂಗಿನ ಮರಗಳನ್ನು ಕೆಡಿಸಿದ ಗುತ್ತಿಗೆದಾರರನ್ನು ಅಧ್ಯಕ್ಷರು ಸ್ನೇಹಕ್ಕೆ ಬಿಟ್ಟುಕೊಡುವಂತಿಲ್ಲ. ಅಪ್ರಾಪ್ತ ಮಕ್ಕಳ ಪಾಲನ್ನು ಅವರ ಪೋಷಕರು ಕೂಡ ಬಿಟ್ಟುಕೊಡುವಂತಿಲ್ಲ. ಹೆತ್ತವರು ಬಿಟ್ಟುಹೋದದ್ದು ಅಲ್ಪವಿರಲಿ ಹೆಚ್ಚಿರಲಿ ಅದರಲ್ಲಿ ಹೆಣ್ಣುಮಕ್ಕಳಿಗೆ ನಿಗದಿತ ಪಾಲಿದೆಯೆಂದು ಅನ್ನಿಸಾ ಅಧ್ಯಾಯದ 7ನೇ ಸೂಕ್ತ ಸಾರುತ್ತದೆ. ನಾವು ಅದನ್ನು ಜಮೀನು ಹಂಚುವಾಗ ಓದುತ್ತೇವೆ, ಅಂಗಳದ ಒಂದು ಮರದ ಮಟ್ಟಕ್ಕೆ ಬಂದಾಗ ಮರೆಯುತ್ತೇವೆ. ಗಂಡಸರ ಎದುರು ನಾಲ್ಕು ಮಾತು ಆಡಿ ಮನೆಗೆ ಬಂದು ತಿಳಿಸಿದರೆ ಸಾಕೆಂಬ ಅಭ್ಯಾಸ ನಮ್ಮಲ್ಲಿ ಬಲವಾಗಿ ಬೇರೂರಿದೆ.

ಎಷ್ಟು ಕೇಳಬೇಕು?

ಅಕ್ಕಿಗೆ ಅಕ್ಕಿ, ಬಟ್ಟಲಿಗೆ ಬಟ್ಟಲು ಕೊಡಬಹುದು. ಮೂವತ್ತು ವರ್ಷದ ಹಲಸಿಗೆ ಮೂವತ್ತು ವರ್ಷದ ಹಲಸನ್ನು ಯಾರು ತಂದುಕೊಟ್ಟಾರು? ಸಮಾನ ವಸ್ತು ಸಿಗದಲ್ಲಿ ಅದರ ಬೆಲೆ ಕೊಡಬೇಕೆಂಬುದು ನಿಯಮ. ಬೇರೂರಿ ನಿಂತ ಮರದ ಬೆಲೆ ಬೇರೆ, ಕಡಿದ ಮರದ ಬೆಲೆ ಬೇರೆ. ನಿಂತ ಮರವಿದ್ದಾಗ ಆ ಜಾಗದ ಬೆಲೆ ಎಷ್ಟು, ಅದಿಲ್ಲದಿದ್ದರೆ ಎಷ್ಟು ಎಂದು ಬಲ್ಲವರಿಂದ ಕಟ್ಟಿಸಬೇಕು. ಮರದ ದಿಮ್ಮಿಯನ್ನು ನಾವೇ ಇಟ್ಟುಕೊಂಡರೆ ಅದರ ಬೆಲೆಯನ್ನು ಕಳೆಯಬೇಕು. ಮರ ಸಾಯದೆ ಗಾಯಗೊಂಡಿದ್ದರೆ, ಗಾಯದಿಂದ ಎಷ್ಟು ಬೆಲೆ ತಗ್ಗಿತೋ ಅಷ್ಟು. ಮರದಲ್ಲಿ ಆಗಲೇ ಕಾಯಿಗಳಿದ್ದು ಅವು ಹಾಳಾಗಿದ್ದರೆ ಅವಕ್ಕೂ ಬೆಲೆಯಿದೆ. ಆದರೆ ಇನ್ನು ಮೂವತ್ತು ವರ್ಷ ಬಿಡಬಹುದಾಗಿದ್ದ ಹಣ್ಣುಗಳನ್ನು ಎಣಿಸಿ ಗುಣಿಸಿ ಬೇರೆಯೇ ಲೆಕ್ಕ ಹಾಕುವಂತಿಲ್ಲ. ನಿಂತ ಮರದ ಬೆಲೆಯಲ್ಲೇ ಆ ನಿರೀಕ್ಷೆ ಸೇರಿರುತ್ತದೆ. “ಅದು ತಂದೆಯ ನೆನಪು” ಎಂಬುದಕ್ಕೆ ಫಿಕ್ಹಿನಲ್ಲಿ ದರವಿಲ್ಲ. ಇದು ಉಮ್ಮನಿಗೆ ಕಷ್ಟವಾಯಿತು, ನಮಗೂ ಆಯಿತು.

ಹೆಚ್ಚು ಕೇಳುವ ಚಪಲದ ಬಗ್ಗೆ ಒಂದು ಎಚ್ಚರಿಕೆ. ವಾದದಲ್ಲಿ ಒಬ್ಬನು ಇನ್ನೊಬ್ಬನಿಗಿಂತ ಚತುರನಾಗಿರಬಹುದು, ಅದನ್ನು ಕೇಳಿ ತಾವು ಅವನ ಪರ ತೀರ್ಪಿತ್ತರೂ ಅದು ಇನ್ನೊಬ್ಬನ ಹಕ್ಕಾಗಿದ್ದರೆ ತಾವು ಅವನಿಗೆ ನರಕದ ತುಂಡೊಂದನ್ನೇ ಕೊಟ್ಟಂತೆ ಎಂದು ಪ್ರವಾದಿವರ್ಯರು(ಸ) ಹೇಳಿದ್ದಾರೆ. ಬುಖಾರಿ, ಮುಸ್ಲಿಮ್ ಎರಡರಲ್ಲಿಯೂ ಇರುವ ಹದೀಸ್ ಇದು. ಪಂಚಾಯತಿಯಲ್ಲಿ ಗೆದ್ದ ಮಾತ್ರಕ್ಕೆ ಹಣ ಹಲಾಲ್ ಆಗುವುದಿಲ್ಲ. ಮೊದಲೇ ರೋಗ ಹಿಡಿದು ಸಾಯುತ್ತಿದ್ದ ಮರವನ್ನು ಗುತ್ತಿಗೆದಾರರ ತಲೆಗೆ ಕಟ್ಟುವವರೂ ಇದ್ದಾರೆ.

ಹಣಕ್ಕಿಂತ ಉತ್ತಮ ದಾರಿಯೂ ಇದೆ. ಅಲ್ ಅಂಬಿಯಾ ಅಧ್ಯಾಯದ 78 ಮತ್ತು 79ನೇ ಸೂಕ್ತಗಳಲ್ಲಿ ದಾವೂದ್(ಅ) ಮತ್ತು ಸುಲೈಮಾನ್(ಅ)ರವರು ಒಂದು ಹೊಲದ ವ್ಯಾಜ್ಯ ತೀರಿಸಿದ ಪ್ರಸ್ತಾಪವಿದೆ. ರಾತ್ರಿ ಕುರಿಗಳು ನುಗ್ಗಿ ಹೊಲ ಹಾಳಾಗಿತ್ತು. ಕುರಿಗಳನ್ನೇ ಹೊಲದವನಿಗೆ ಕೊಡಬೇಕೆಂದು ತಂದೆಯವರ ತೀರ್ಪು. ವ್ಯಾಖ್ಯಾನಕಾರರು ಉಲ್ಲೇಖಿಸಿರುವ ಪ್ರಕಾರ ಮಗನ ತೀರ್ಪು ಹೀಗಿತ್ತು: ಕುರಿಯವನು ಹೊಲವನ್ನು ಮೊದಲಿನಂತೆ ಬೆಳೆಸಿಕೊಡಲಿ, ಅಲ್ಲಿಯವರೆಗೆ ಕುರಿಗಳ ಹಾಲು, ಉಣ್ಣೆಯನ್ನು ಹೊಲದವನು ಅನುಭವಿಸಲಿ, ಹೊಲ ಸರಿಯಾದ ದಿನ ಅವರವರ ಸೊತ್ತು ಅವರವರಿಗೆ ಹಿಂದಿರುಗಲಿ. ಸುಲೈಮಾನರಿಗೆ(ಅ) ನಾವು ಅದನ್ನು ತಿಳಿಸಿಕೊಟ್ಟೆವು ಎಂದು ಅಲ್ಲಾಹನು ಹೇಳುತ್ತಾನೆ, ಇಬ್ಬರಿಗೂ ಜ್ಞಾನ ನೀಡಲಾಗಿತ್ತೆಂದೂ ಅಲ್ಲೇ ಹೇಳುತ್ತಾನೆ. ಕೆಡಿಸಿದವನೇ ಬೆಳೆಸಿಕೊಡುವ ಆ ದಾರಿ ಗಿಡಮರಗಳ ವಿಷಯಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ! ಎಳೆಯ ತೆಂಗು, ಅಡಿಕೆ ಸಸಿಗಳಾದರೆ ಹೊಸತನ್ನು ನೆಟ್ಟು ಎರಡು ಬೇಸಿಗೆ ನೀರುಣಿಸಿಕೊಡುವ ಒಪ್ಪಂದ ಮಾಡಿಕೊಳ್ಳಬಹುದು. ಫಲ ಕೊಡುವ ದೊಡ್ಡ ತೆಂಗಾದರೆ ಅದರಿಂದ ನಷ್ಟ ತುಂಬುವುದಿಲ್ಲ. ನಮ್ಮ ಕರಾವಳಿಯ ಎತ್ತರದ ತಳಿ ಕಾಯಿ ಬಿಡಲು ಆರೇಳು ವರ್ಷ ಬೇಕು. ತೆಂಗಿಗೆ ಇನ್ನೊಂದು ಕಷ್ಟವೂ ಇದೆ. ಮಾವು, ಹಲಸುಗಳಂತೆ ಅದು ಕಾಂಡದ ಗಾಯವನ್ನು ತೊಗಟೆ ಬೆಳೆಸಿ ಮುಚ್ಚಿಕೊಳ್ಳಲಾರದು, ಮತ್ತು ಗಾಯದ ವಾಸನೆಗೆ ಕೆಂಪು ಮೂತಿಹುಳ ಬರುತ್ತದೆ. ಆದ್ದರಿಂದ ತೆಂಗಿಗೆ ತಾಗಿದ ಸಣ್ಣ ಗಾಯವನ್ನೂ ಅದೇ ದಿನ ಗುತ್ತಿಗೆದಾರರಿಗೆ ತೋರಿಸಿ ಮದ್ದು ಮಾಡಿಸಬೇಕು.

ನಮ್ಮ ಮನೆಯಲ್ಲಿ ನಡೆದದ್ದು

ಉಸ್ತಾದರ ಸಲಹೆಯಂತೆ ನಾನು ಮೊದಲು ಗುತ್ತಿಗೆದಾರರ ಮನೆಗೆ ಹೋಗಿ, ಅಂದು ನನ್ನದಲ್ಲದ್ದನ್ನು ಮನ್ನಿಸಿದೆನೆಂದು ಒಪ್ಪಿಕೊಂಡೆ. ಅವರಿಗೆ ಸಿಟ್ಟು ಬಂತು. “ನಾಲ್ಕು ಮಂದಿಯೆದುರು ಕೊಟ್ಟ ಮಾತನ್ನು ಹಿಂದೆ ತೆಗೆಯುತ್ತೀರಾ?” ಎಂದರು. ತಪ್ಪು ನನ್ನದೇ ಆದ್ದರಿಂದ ಕೇಳಿಸಿಕೊಂಡೆ. ಎರಡು ವಾರ ಅವರು ನನ್ನ ಸಲಾಮಿಗೆ ಉತ್ತರಿಸಿ ಮುಖ ತಿರುಗಿಸುತ್ತಿದ್ದರು. ಆಮೇಲೆ ಅವರೇ ಉಸ್ತಾದರ ಬಳಿ ಹೋಗಿ ಕೇಳಿಕೊಂಡು ಬಂದರು. ಯಾರಿಗಾದರೂ ಅನ್ಯಾಯ ಮಾಡಿದ್ದರೆ ದೀನಾರ್, ದಿರ್ಹಮುಗಳು ನಡೆಯದ ದಿನ ಬರುವ ಮುಂಚೆಯೇ ಅದನ್ನು ತೀರಿಸಿಕೊಳ್ಳಬೇಕೆಂಬ ಹದೀಸನ್ನು ಉಸ್ತಾದರು ಓದಿ ಹೇಳಿದ್ದರಂತೆ.

ಇಬ್ಬರೂ ಒಪ್ಪಿದ ಇಬ್ಬರು ಹಿರಿಯರು ಕೂತರು. ಒಬ್ಬರಿಗೆ ತೋಟದ ಅನುಭವ, ಇನ್ನೊಬ್ಬರು ಮರದ ವ್ಯಾಪಾರಿ. ನಿಂತ ಮರಕ್ಕೆ 25,000 ರೂಪಾಯಿ, ನಮ್ಮಲ್ಲೇ ಉಳಿದ ದಿಮ್ಮಿಗೆ 9,000 ರೂಪಾಯಿ ಎಂದು ಕಟ್ಟಿದರು. ಉಳಿದದ್ದು 16,000. ಅದರಲ್ಲಿ ಎಂಟನೇ ಒಂದು ಉಮ್ಮನದು, 2,000. ಉಳಿದ 14,000ದಲ್ಲಿ ನನಗೆ 7,000, ತಂಗಿಯರಿಗೆ ತಲಾ 3,500. ನನ್ನ ಪಾಲನ್ನು ನಾನು ಮೊದಲೇ ಮನ್ನಿಸಿದ್ದೆ, ಅದು ಮನ್ನಿಸಿದ್ದೇ. ಅವರು ಕೊಡಬೇಕಾದದ್ದು 9,000. ಕಂತಿನಲ್ಲಿ ಕೊಡುತ್ತೇನೆಂದರು, ಒಪ್ಪಿದೆವು. ಇಕ್ಕಟ್ಟಿನಲ್ಲಿರುವವನಿಗೆ ಅವಕಾಶ ಕೊಡಬೇಕೆಂಬುದು ಕುರ್‌ಆನಿನ ಆದೇಶವೇ ಆಗಿದೆ. ಡ್ರೈವರನ ತಡೆಹಿಡಿದ ಬಾಡಿಗೆಯನ್ನು ಅವನಿಗೆ ಸಲ್ಲಿಸಬೇಕೆಂಬ ಷರತ್ತನ್ನು ಹಿರಿಯರು ಸೇರಿಸಿದರು. ಹಿರಿಯ ತಂಗಿ ತನ್ನ ಪಾಲನ್ನು ಬೇಡವೆಂದಳು. ಅವಳನ್ನು ಒಬ್ಬಳನ್ನೇ ಕರೆದು, ಯಾರ ಮುಲಾಜಿಗೂ ಹೇಳುತ್ತಿಲ್ಲವಷ್ಟೇ ಎಂದು ಉಮ್ಮ ಎರಡು ಬಾರಿ ಕೇಳಿದ ಬಳಿಕವೇ ಅದನ್ನು ಬಿಟ್ಟೆವು. ಕಿರಿಯವಳು ತನ್ನ 3,500ನ್ನು ಪೂರ್ತಿ ಪಡೆದಳು. ಅವಳಿಗೆ ಅದರ ಅಗತ್ಯವಿತ್ತು. ಅಗತ್ಯವಿಲ್ಲದಿದ್ದರೂ ಅದು ಅವಳದೇ.

ಮಾತುಕತೆಯಿಂದ ತೀರದಿದ್ದರೆ ದೇಶದ ಕಾನೂನಿನ ದಾರಿಯೂ ಇದೆ, ಅದನ್ನು ಹಿಡಿಯುವುದು ತಪ್ಪಲ್ಲ. ನಾವೇ ಹಣ ಕೊಟ್ಟು ಗೊತ್ತು ಮಾಡಿದ ಗುತ್ತಿಗೆದಾರರ ಸೇವೆಯಲ್ಲಿ ಲೋಪವಾದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ಜಿಲ್ಲಾ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಕೊಡಬಹುದು. ನೆರೆಮನೆಯ ಗುತ್ತಿಗೆದಾರರು ನಮ್ಮ ಜಾಗಕ್ಕೆ ನುಗ್ಗಿ ಕೆಡಿಸಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರದ ದಾವೆಗೆ ಮೂರು ವರ್ಷಗಳ ಅವಧಿಯಿದೆ. ಪೊಲೀಸ್ ಠಾಣೆಗೆ ಓಡುವ ಮುನ್ನ ಯೋಚಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಸೊತ್ತು ಹಾಳು ಮಾಡಿದ್ದು ಅಪರಾಧವಾಗಬೇಕಾದರೆ ಉದ್ದೇಶವೋ ಅರಿವೋ ಇರಬೇಕು, ಬರೀ ಅಜಾಗ್ರತೆ ಸಾಲದು. ಕೆಟ್ಟ ಮರವನ್ನು ಕಡಿಯುವ ಮುನ್ನ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕೋ ಬೇಡವೋ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಬೇಕು, ಮರದ ಜಾತಿ ಮತ್ತು ಜಾಗದ ಮೇಲೆ ಅದು ನಿಂತಿದೆ. ದಾರಿ ಯಾವುದೇ ಇರಲಿ, ಪುರಾವೆ ಕೊಡಬೇಕಾದವನು ವಾದಿ. ಮರದ ಪೂರ್ತಿ ಚಿತ್ರ, ಗಾಯದ ಹತ್ತಿರದ ಚಿತ್ರ, ಬುಡದಿಂದ ಗುಂಡಿಗಿರುವ ದೂರ, ದಿನಾಂಕ, ನೋಡಿದವರ ಹೆಸರು, ಇಷ್ಟನ್ನು ಅದೇ ದಿನ ಇಟ್ಟುಕೊಳ್ಳಬೇಕು. ಬೇರು ಕಡಿದ ಮರ ತಡವಾಗಿ ಒಣಗುವುದರಿಂದ, “ಎರಡು ವರ್ಷದೊಳಗೆ ಈ ಮರ ಕೆಟ್ಟರೆ ಬೆಲೆ ಕಟ್ಟಿ ಕೊಡುತ್ತೇನೆ” ಎಂದು ಆಗಲೇ ಬರೆಸಿಕೊಳ್ಳುವುದು ಎಲ್ಲಕ್ಕಿಂತ ಲೇಸು. ನಾವು ಅದೊಂದನ್ನೂ ಮಾಡಿರಲಿಲ್ಲ. ಅವರು ಪ್ರಾಮಾಣಿಕರಾಗಿದ್ದ ಕಾರಣ ಮಾತ್ರ ನಮ್ಮ ಹಕ್ಕು ಉಳಿಯಿತು.

ಕುರ್‌ಆನಿನ ಅತಿ ದೀರ್ಘ ಸೂಕ್ತ ಸಾಲದ ವ್ಯವಹಾರವನ್ನು ಬರೆದಿಡುವುದರ ಕುರಿತಾಗಿದೆ, ಅಲ್ ಬಕರಾ ಅಧ್ಯಾಯದ 282ನೇ ಸೂಕ್ತ. ಕಳೆದ ವರ್ಷ ಬಾವಿಯ ಕಟ್ಟೆ ಕಟ್ಟಿಸುವಾಗ ನಾವು ಅದೇ ಗುತ್ತಿಗೆದಾರರನ್ನು ಕರೆದೆವು. ಎರಡು ತೆಂಗು ಮತ್ತು ಒಂದು ಮಾವಿನ ಸುತ್ತ ಗೂಟ ನೆಟ್ಟು ಹಗ್ಗ ಕಟ್ಟಿ, ಹಗ್ಗದೊಳಗೆ ಅಗೆಯುವಂತಿಲ್ಲ, ಜಲ್ಲಿ ಸಿಮೆಂಟು ಹಾಕುವಂತಿಲ್ಲ ಎಂದು ಕಾಗದದಲ್ಲಿ ಬರೆದಾಗ ಅವರು ನಕ್ಕು ಸಹಿ ಹಾಕಿದರು. ಕೆಳಗೆ ನಾನು ಸಹಿ ಹಾಕಿದೆ. ಆಮೇಲೆ ಕಾಗದವನ್ನು ಒಳಗೆ ಕಳುಹಿಸಿ ಉಮ್ಮ ಮತ್ತು ತಂಗಿಯರ ಸಹಿಯನ್ನೂ ಹಾಕಿಸಿದೆವು.